ಗಂಗುಲಪ್ಪನವರ ಖಾಲಿ ಹೊಟ್ಟೆ

ಚಿಂತಾಮಣಿಯ ತಾಲ್ಲೂಕು ಬೋರ್ಡ್ ಕಚೇರಿಯ ಗುಮಾಸ್ತ ಗಂಗುಲಪ್ಪನವರಿಗೆ ಹೊಟ್ಟೆಯಲ್ಲಿ ತೊಂದರೆ ಇದೆ ಎಂಬ ಬಗ್ಗೆ ನಮ್ಮ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವರು ಊಟ ಮುಗಿಸಿ ತೇಗಿದರೆ ಎದುರುಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಇದು ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ಆಗ ಊರಿನಲ್ಲಿ ಡಾಕ್ಟರು ಕಡಿಮೆ, ಔಷಧ ಹೇಳುವವರು ಜಾಸ್ತಿ. ಒಬ್ಬರು ಓಮದ ನೀರು ಎಂದರು, ಇನ್ನೊಬ್ಬರು ಹೊಕ್ಕುಳಿಗೆ ಇಂಗು ಎಂದರು. ಹೊಕ್ಕುಳಿನ ಬಟ್ಟಿ ಜಾರಿದೆ ಎಂದು ತೀರ್ಪು ಕೊಟ್ಟ ನಾಟಿ ವೈದ್ಯದ ಮುನಿನಾರಾಯಣಪ್ಪ, ಗಂಗುಲಪ್ಪನವರನ್ನು ಜಗಲಿಯ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳಿನ ಮೇಲೆ ದೀಪ ಹಚ್ಚಿಟ್ಟು, ಅದರ ಮೇಲೆ ಚೊಂಬು ಬೋರಲು ಹಾಕಿದ. ದೀಪ ಆರಿತು, ಚೊಂಬು ಮಾತ್ರ ಹೊಟ್ಟೆಯನ್ನು ಕಚ್ಚಿಕೊಂಡು ಕೂತುಬಿಟ್ಟಿತು. ಅದನ್ನು ಕೀಳಲು ಕೈಹಾಕಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಹೊಟ್ಟೆಯ ವಿಷಯ ಮಾತನಾಡುವ ಹಕ್ಕು ನನಗಿದೆ. ನಾನು ಕಾಣದ್ದನ್ನೆಲ್ಲ ಅವರ ಭಾವಮೈದ, ಕೈವಾರದ ಎರ್ರಪ್ಪ ಹೇಳಿದ್ದಾನೆ. ಊಟ ತಿಂಡಿ ಸೇರಿರುವ ಯಾವ ವಿಷಯದಲ್ಲೂ ಎರ್ರಪ್ಪ ಸುಳ್ಳು ಹೇಳುವವನಲ್ಲ.

ಗಂಗುಲಪ್ಪನವರ ತೊಂದರೆ ಹೊಟ್ಟೆಯಿಂದ ತಲೆಗೆ ಏರಿದ್ದು ಕಚೇರಿಯಲ್ಲಿ. ಹೆಡ್ ಗುಮಾಸ್ತ ಅನಂತರಾಮಯ್ಯನವರು ಬೆಂಗಳೂರಿಗೆ ಹೋಗಿ ತಮ್ಮ ಜಠರದ ಎಕ್ಸ್‌ರೇ ತೆಗೆಸಿಕೊಂಡು ಬಂದು, ಆ ಕಪ್ಪು ಫಿಲ್ಮನ್ನು ತಮ್ಮ ಮೇಜಿನ ಹಿಂದಿನ ಕಿಟಕಿಗೆ ತಗುಲಿಹಾಕಿದ್ದರು. ಕೆಲಸಕ್ಕೆಂದು ಬಂದ ಪಂಚಾಯ್ತಿ ಚೇರ್ಮನ್ನರು ಮೊದಲು ಫಿಲ್ಮನ್ನು ನೋಡಿ, "ಪಾಪ, ಎಷ್ಟು ಅನುಭವಿಸಿದ್ದೀರಿ ಸ್ವಾಮಿ" ಎಂದು ಲೊಚಗುಟ್ಟಿ, ಆಮೇಲೆ ಕೆಲಸದ ಮಾತೆತ್ತುತ್ತಿದ್ದರು. ಪಕ್ಕದ ಮೇಜಿನಲ್ಲಿ ಕೂತು ಗಂಗುಲಪ್ಪನವರು ಎಷ್ಟು ಜೋರಾಗಿ ತೇಗಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಫಿಲ್ಮಿಲ್ಲದ ಹೊಟ್ಟೆನೋವಿಗೆ ಸರ್ಕಾರಿ ಕಚೇರಿಯಲ್ಲಿ ಏನು ಬೆಲೆ? ಅವರಿಗೂ ಒಂದು ಫಿಲ್ಮು ಬೇಕಾಯಿತು.

ಊರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಸಂಜೆ ಮೆಣಸಿನಕಾಯಿ ಬಜ್ಜಿ ಬಿಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಸರಿಹೋಗುತ್ತೆ" ಎಂದರು. ಇಷ್ಟು ದೊಡ್ಡ ಕಾಯಿಲೆಗೆ ಬಜ್ಜಿಯ ಕಾರಣ ಕೊಟ್ಟದ್ದು ಗಂಗುಲಪ್ಪನವರಿಗೆ ಅವಮಾನವೆನಿಸಿತು.

"ಎಕ್ಸ್‌ರೇಗೆ ಬರಕೊಡಿ ಡಾಕ್ಟ್ರೇ. ಬರಕೊಡೋವರ್ಗೂ ಈ ಸ್ಟೂಲಿನಿಂದ ಏಳಲ್ಲ" ಎಂದು ಕೂತರು.

ಇದ್ದದ್ದು ಅದೊಂದೇ ಸ್ಟೂಲು. ಹೊರಗೆ ಜ್ವರದವರು, ಕೆಮ್ಮಿನವರು ಸಾಲುಗಟ್ಟಿದ್ದರು. ಡಾಕ್ಟರು ಸೋತು ಚೀಟಿ ಬರೆದರು. "ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ್ ವರದರಾಜ ಅಂತ ಮನೇಲೇ ಹೊಸ ಮಿಷನ್ನು ಹಾಕಿದ್ದಾರೆ. ಬೇರಿಯಂ ಅಂತ ಬಿಳೀ ಹಿಟ್ಟು ಕದಡಿ ಕುಡಿಸ್ತಾರೆ. ಅದು ಹೊಟ್ಟೇಲಿ ಎಲ್ಲೆಲ್ಲಿ ಹೋಗುತ್ತೆ ಅಂತ ಪರದೆ ಮೇಲೆ ನೋಡ್ತಾರೆ, ಫಿಲ್ಮು ತೆಗೀತಾರೆ. ಬುಧವಾರ ಹೋಗಿ. ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕಬಾರದು. ನೀರೂ ಇಲ್ಲ, ಎಲೆಅಡಿಕೇನೂ ಇಲ್ಲ. ಒಳಗೆ ಏನಾದ್ರೂ ಇದ್ರೆ ಮಾಡಿದ್ದೆಲ್ಲ ದಂಡ."

ಖಾಲಿ ಹೊಟ್ಟೆಯನ್ನು ಕಾಪಾಡಿಕೊಂಡು ಚಿಕ್ಕಬಳ್ಳಾಪುರ ಮುಟ್ಟಿಸುವುದೆಂದು ಗಂಗುಲಪ್ಪನವರು ಅಲ್ಲೇ ತೀರ್ಮಾನಿಸಿದರು. ಕೊಡೆ ಎಲ್ಲಿ ಬಿಟ್ಟೆ ಎಂದು ಕೊಡೆ ಹಿಡಿದುಕೊಂಡೇ ಹುಡುಕುವ ಮನುಷ್ಯ, ಒಂದು ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು ಅದೇ ಮೊದಲು.

ಇದೇ ಹೊತ್ತಿನಲ್ಲಿ ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಮಗಳು ರಾಮಲಕ್ಷ್ಮಿಗೆ ಶಿಡ್ಲಘಟ್ಟದಿಂದ ಸಂಬಂಧ ಬಂದಿತ್ತು. ಹುಡುಗ ವೆಂಕಟೇಶ್ ಮಿಡ್ಲ್‌ಸ್ಕೂಲಿನಲ್ಲಿ ಮೇಷ್ಟ್ರು. ಅವನ ತಂದೆ ಮುನಿವೆಂಕಟಪ್ಪನವರದು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ. ಗಂಡಿನ ಕಡೆಯವರು ಬಂದು ಹುಡುಗಿಯನ್ನು ನೋಡಿ, ಒಪ್ಪಿ, ಉಂಡು ಹೋಗಿದ್ದರು. ಹುಡುಗಿಗೂ ಹಿಡಿಸಿತ್ತು. ಕೇಳಿದವರಿಗೆಲ್ಲ "ನಂಗೇನು ಗೊತ್ತು" ಎನ್ನುತ್ತಲೇ ಶಿಡ್ಲಘಟ್ಟದ ಬಸ್ಸುಗಳ ಹೊತ್ತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಇನ್ನು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವ ಶಾಸ್ತ್ರ ಬಾಕಿ. ಅದು ಶುಕ್ರವಾರಕ್ಕೆ ಗೊತ್ತಾಗಿತ್ತು.

ಈ ಶಾಸ್ತ್ರದಲ್ಲಿ ಒಪ್ಪಿಗೆ ಇದೆ, ಇಲ್ಲ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಹೆಣ್ಣಿನ ತಂದೆ ಆ ಮನೆಯಲ್ಲಿ ಕೈತೊಳೆದು ಎಲೆಯ ಮುಂದೆ ಕೂತರೆ ಮದುವೆ ಗಟ್ಟಿಯಾಯಿತು. ನೀರೂ ಮುಟ್ಟದೆ ಎದ್ದು ಬಂದರೆ ಮುರಿಯಿತು. ಯಾರ ಮನಸ್ಸಿಗೂ ನೋವಾಗಬಾರದೆಂದು ಹಿರಿಯರು ಮಾಡಿದ ಏರ್ಪಾಡು. ಇದರಿಂದ ಆದಷ್ಟು ನೋವು ಇನ್ನಾವುದರಿಂದಲೂ ಆಗಿಲ್ಲವೆಂಬುದು ಬೇರೆ ಮಾತು.

ಎರ್ರಪ್ಪ ಮುಂಚೆಯೇ ಎಚ್ಚರಿಸಿದ. "ಭಾವ, ಹೊಟ್ಟೇಲಿ ಹುಣ್ಣು, ಎಕ್ಸ್‌ರೇ ಅಂತ ಶಿಡ್ಲಘಟ್ಟದಲ್ಲಿ ಮಾತ್ರ ಬಾಯಿಬಿಡಬೇಡ. ಅಪ್ಪನಿಗಿರೋದು ಮಗಳಿಗೂ ಬರುತ್ತೆ ಅಂತಾರೆ. ಸಂಬಂಧ ಅಲ್ಲಿಗೇ ನಿಂತೋಗುತ್ತೆ."

ಗಂಗುಲಪ್ಪನವರು ಇದನ್ನೂ ತೀರ್ಮಾನಿಸಿಕೊಂಡರು. ಒಂದು ಏನೂ ತಿನ್ನಬಾರದು, ಇನ್ನೊಂದು ಏಕೆ ತಿನ್ನುವುದಿಲ್ಲವೆಂದು ಹೇಳಬಾರದು. ಎರಡೂ ಬೇರೆ ಬೇರೆಯಾಗಿ ಒಳ್ಳೆಯ ತೀರ್ಮಾನಗಳೇ.

ಬುಧವಾರ ಬೆಳಿಗ್ಗೆ ಹೆಂಡತಿ ಅಶ್ವತ್ಥಮ್ಮ ಬಾಗಿಲಿಗೆ ಅಡ್ಡ ನಿಂತು, "ಖಾಲಿ ಹೊಟ್ಟೇಲಿ ಹೊಸಲು ದಾಟಬಾರ್ದು, ಒಂದ್ ಚಮಚ ಮೊಸರು ಸಕ್ರೆ ಹಾಕ್ಕೊಳ್ಳಿ" ಎಂದರು. ಬಾಯಿ ತೆರೆದರೆ ಚಮಚ ಒಳಗೆ ಬಂದೀತೆಂಬ ಭಯದಿಂದ ಗಂಗುಲಪ್ಪನವರು ಕೈಸನ್ನೆಯಲ್ಲೇ ಬೇಡವೆಂದರು. ಆ ಮೊಸರನ್ನು ಎರ್ರಪ್ಪ ತಿಂದ. ಜೊತೆಗೆ ಹೋಗುವವನು ಅವನೇ ಆದ್ದರಿಂದ ಶಕುನ ಕೆಡಲಿಲ್ಲವೆಂದು ಅಶ್ವತ್ಥಮ್ಮನವರು ಸಮಾಧಾನ ತಂದುಕೊಂಡರು.

ಶಿಡ್ಲಘಟ್ಟದಲ್ಲಿ ಬಸ್ಸು ನಿಂತಿತು. ಗೂಡಿನ ಬುಟ್ಟಿಗಳನ್ನು ಮೇಲೆ ಹೇರಬೇಕು, ಇಂಜಿನ್ನಿಗೆ ನೀರು ಹಾಕಬೇಕು, ಡ್ರೈವರು ತಿಂಡಿ ತಿನ್ನಬೇಕು. ಹೊರಡುವುದು ತಡವೆಂದು ಕಂಡಕ್ಟರು ಸಾರಿದ. ಇಳಿಯದಿದ್ದರೆ ಆಗುತ್ತಿತ್ತು. ಆದರೆ ಒಳಗೆ ಸೆಕೆ, ಖಾಲಿ ಹೊಟ್ಟೆಗೆ ಸಂಕಟ. ಗಂಗುಲಪ್ಪನವರು ಇಳಿದು ನೆರಳು ಹುಡುಕಿ ನಿಂತರು. ಅದು ಮುನಿವೆಂಕಟಪ್ಪನವರ ಕೊಡೆಯ ನೆರಳು.

"ಏನು ಬೀಗ್ರೇ, ಶುಕ್ರವಾರ ಬರ್ತೀವಿ ಅಂದೋರು ಬುಧವಾರಾನೇ ಬಂದ್ಬಿಟ್ರಲ್ಲ. ಬೀಗ್ರು ಅನ್ನಬೋದು ತಾನೆ?"

"ಅನ್ನಿ, ಅನ್ನಿ. ನಾವು ಸುಮ್ನೆ ಹಿಂಗೇ..." ಎಂದು ಗಂಗುಲಪ್ಪನವರು ಎರ್ರಪ್ಪನ ಮುಖ ನೋಡಿದರು. ಎರ್ರಪ್ಪ ಹೋಟೆಲಿನ ಬೋರ್ಡು ನೋಡುತ್ತಿದ್ದ.

ಮುನಿವೆಂಕಟಪ್ಪನವರು ಬಿಡಲಿಲ್ಲ. ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಕೈಹಿಡಿದು ಕರೆದುಕೊಂಡು ಹೋದರು. ರೇಷ್ಮೆ ತೆಗೆಯುವ ಮನೆಯೆಂದರೆ ಗೂಡು ಬೇಯುವ ವಾಸನೆ ಬೀದಿಯ ತುದಿಗೇ ಬಂದು ಎದುರುಗೊಳ್ಳುತ್ತದೆ. ಹುಟ್ಟಿದಾಗಿನಿಂದ ಅದರಲ್ಲೇ ಇರುವವರಿಗೆ ಅದು ತಿಳಿಯುವುದಿಲ್ಲ. ಆದರೆ ಮುನಿವೆಂಕಟಪ್ಪನವರಿಗೆ ಒಮ್ಮೆ ಚೆನ್ನಾಗಿ ತಿಳಿಸಿಕೊಟ್ಟಿದ್ದರು. ಹಿಂದೆ ಗೌರಿಬಿದನೂರಿನಿಂದ ಬಂದ ಹೆಣ್ಣಿನವರು ನಡುಮನೆಯವರೆಗೂ ಬಂದು, ಮೂಗಿಗೆ ಸೆರಗು ಹಿಡಿದು, ನೀರೂ ಮುಟ್ಟದೆ ಹೊರಟುಹೋಗಿದ್ದರು. ಅಂದಿನಿಂದ ಆ ಮನೆಯವರು ನೆಂಟರು ಬಂದರೆ ಮೊದಲು ಅವರ ಮೂಗನ್ನು ನೋಡುತ್ತಿದ್ದರು.

ಗಂಗುಲಪ್ಪನವರು ಚಾಪೆಯ ಮೇಲೆ ಕೂತರು. ಮುನಿವೆಂಕಟಪ್ಪನವರ ತಾಯಿ ವೆಂಕಟರತ್ನಮ್ಮ ಎದುರಿಗೆ ಕೂತರು. ಒಳಗೆ ಅವರೇಕಾಳಿನ ಸಾರಿಗೆ ಒಗ್ಗರಣೆ ಬಿತ್ತು. ಅದರ ಘಮ ತಾಗಿದ್ದೇ ತಡ, ನಿನ್ನೆಯಿಂದ ಸುಮ್ಮನಿದ್ದ ಹೊಟ್ಟೆ ಎದ್ದು ನಿಂತಿತು. ಹುಳಿಹುಳಿಯಾದ ಒಂದು ತೇಗು ಗಂಟಲಿಗೆ ಬಂತು. ಆಗುವ ಬೀಗರ ಮುಂದೆ ತೇಗಬಾರದೆಂಬ ಮರ್ಯಾದೆಯಿಂದ ಅವರು ಟವಲನ್ನು ಮುಖಕ್ಕೆ ಒತ್ತಿ ಹಿಡಿದರು.

ವೆಂಕಟರತ್ನಮ್ಮ ಮಗನ ಮುಖ ನೋಡಿದರು. ಮಗ ತಾಯಿಯ ಮುಖ ನೋಡಿದರು.

"ಕೈ ತೊಳ್ಕೊಳ್ಳಿ, ಮುದ್ದೆ ಆಗಿದೆ" ಎಂದರು ಮುನಿವೆಂಕಟಪ್ಪ. ದನಿ ಮೊದಲಿನಂತಿರಲಿಲ್ಲ.

"ಊಟ... ಇವತ್ತು ಬೇಡ. ಶುಕ್ರವಾರ ಮಾಡ್ತೀನಿ."

"ಹೋಗ್ಲಿ, ಕಾಫಿ?"

"ಬೇಡ."

"ಮಜ್ಜಿಗೆ?"

ಗಂಗುಲಪ್ಪನವರು ಟವಲಿನ ಹಿಂದಿನಿಂದಲೇ ತಲೆಯಾಡಿಸಿದರು.

"ಏಮಿ ನಾಯನಾ, ನೀಳ್ಳು ಕೂಡಾ ತಾಗವಾ?" ಎಂದು, ನೀರೂ ಕುಡಿಯಲ್ಲವೇನಪ್ಪ ಎಂಬುದನ್ನು ತೆಲುಗಿನಲ್ಲೇ ಕೇಳಿ, ಮುದುಕಿ ನೀರಿನ ಚೊಂಬನ್ನು ಮುಂದೆ ತಳ್ಳಿತು. ನೀರನ್ನು ಕಂಡು ಗಂಗುಲಪ್ಪನವರ ಕಣ್ಣಲ್ಲಿ ನೀರು ಬಂತು. ಆದರೂ ಚೊಂಬನ್ನು ಹಿಂದಕ್ಕೆ ತಳ್ಳಿದರು. ಖಾಲಿ ಹೊಟ್ಟೆಯ ಮೇಲಿನ ಅವರ ನಿಷ್ಠೆ ಅಂಥದು.

ಪಕ್ಕದ ಮನೆಯವರು ಕಿಟಕಿಗೆ ಬಂದರು. ಅತ್ತಕಡೆ ಎರ್ರಪ್ಪ ಎರಡನೆಯ ಮುದ್ದೆ ಮುರಿಯುತ್ತ, "ನಾನು ಉಣ್ತಿದ್ದೀನಲ್ಲ ಅಜ್ಜಿ, ಹುಡುಗಿ ಸೋದರಮಾವ" ಎಂದ.

"ಸೋದರಮಾವ ಹೋಟ್ಲಲ್ಲೂ ಉಣ್ತಾನೆ. ಅಪ್ಪ ಉಣ್ಣಬೇಕು ಕಣಪ್ಪ" ಎಂದಿತು ಮುದುಕಿ.

ಸಂಬಂಧ ಕಣ್ಣೆದುರಿಗೇ ಮುರಿಯುತ್ತಿದೆ ಎಂದು ಗಂಗುಲಪ್ಪನವರಿಗೆ ಈಗ ಹೊಳೆಯಿತು. ನಿಜ ಹೇಳುವಂತಿಲ್ಲ. ಅವರಿಗೆ ಹೊಳೆದದ್ದು ದೇವರು. "ವ್ರತ" ಎಂದರು. "ಮನೇಲಿ ಹರಕೆ. ನಂದಿಗೆ ಹೋಗಿ ದೇವರ ದರ್ಶನ ಮಾಡೋವರ್ಗೂ ಹನಿ ನೀರೂ ಮುಟ್ಟೋ ಹಂಗಿಲ್ಲ."

ನಡುಮನೆಯ ಗಾಳಿ ಸ್ವಲ್ಪ ಹಗುರಾಯಿತು. ಮುನಿವೆಂಕಟಪ್ಪನವರು "ಮೊದ್ಲೇ ಹೇಳಬಾರ್ದಾ" ಎಂದು ಎದ್ದು ಶರ್ಟು ಹಾಕಿಕೊಂಡರು. "ನಾನೂ ಬರ್ತೀನಿ. ನಂದಿ ನೋಡಿ ಬಹಳ ದಿವ್ಸ ಆಯ್ತು. ಅಮ್ಮ, ಊಟ ಕ್ಯಾರಿಯರಿಗೆ ಹಾಕು. ದರ್ಶನ ಆದ ತಕ್ಷಣ ಬೀಗ್ರು ನಮ್ಮ ಅನ್ನದಲ್ಲೇ ವ್ರತ ಬಿಡಲಿ."

ಬಸ್ಸು ಹೊರಟಾಗ ಕಿಟಕಿಯ ಪಕ್ಕ ಗಂಗುಲಪ್ಪ, ನಡುವೆ ಮುನಿವೆಂಕಟಪ್ಪ, ಅವರ ತೊಡೆಯ ಮೇಲೆ ಬಿಸಿ ಕ್ಯಾರಿಯರು. ಬಸ್ಸು ಹಳ್ಳಕ್ಕೆ ಬಿದ್ದಾಗೆಲ್ಲ ಅವರೇಕಾಳು ಸಾರಿನ ವಾಸನೆ ಏಳುತ್ತಿತ್ತು, ಗಂಗುಲಪ್ಪನವರ ಟವಲು ಮುಖಕ್ಕೆ ಹೋಗುತ್ತಿತ್ತು, ಮುನಿವೆಂಕಟಪ್ಪನವರು ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಚಿಕ್ಕಬಳ್ಳಾಪುರದಲ್ಲಿ ಇಳಿದರು. ನಂದಿಗೆ ಬೇರೆ ಬಸ್ಸು ಹಿಡಿಯಬೇಕು. "ಒಂದ್ನಿಮಿಷ, ಹಿಂಗೆ ಗೋಡೆ ಮರೆಗೆ ಹೋಗ್ಬರ್ತೀನಿ" ಎಂದರು ಗಂಗುಲಪ್ಪ.

"ಹನಿ ನೀರೂ ಮುಟ್ಟೋ ಹಂಗಿಲ್ಲ ಅಂದ್ರಿ. ಎಲ್ಲಿಂದ ಬರುತ್ತೆ?" ಎಂದರು ಮುನಿವೆಂಕಟಪ್ಪ.

ಪ್ರಶ್ನೆ ನ್ಯಾಯವಾದದ್ದೇ. ಗಂಗುಲಪ್ಪನವರು ಓಡಿದರು. ಎರ್ರಪ್ಪ ಬೀಗರನ್ನು ನಂದಿ ಬಸ್ಸಿನ ವಿಚಾರದಲ್ಲಿ ಹಿಡಿದಿಡಬೇಕಿತ್ತು. ಅವನು ಕಡಲೆಕಾಯಿ ಮಾರುವವಳ ಹತ್ತಿರ ನಿಂತು ವಿಚಾರಿಸುತ್ತಿದ್ದ. ಮುನಿವೆಂಕಟಪ್ಪನವರು ಕ್ಯಾರಿಯರು ತೂಗಿಸಿಕೊಂಡು ಹಿಂದೆಯೇ ನಡೆದರು.

ಡಾಕ್ಟರ್ ವರದರಾಜರದು ಒಳ್ಳೆಯ ಮನೆ. ಬಾಗಿಲಲ್ಲಿ ರಂಗೋಲಿ, ವರಾಂಡದಲ್ಲಿ ಬೆತ್ತದ ಕುರ್ಚಿ. ಬೋರ್ಡು ಇನ್ನೂ ಪೇಂಟರನ ಹತ್ತಿರವೇ ಇತ್ತು. ಮುನಿವೆಂಕಟಪ್ಪನವರು ಒಳಗೆ ಇಣುಕಿದಾಗ ಅರ್ಧ ತೆರೆದ ಬಾಗಿಲಿನಾಚೆ ಕಂಡದ್ದು ಇಷ್ಟು. ಅವರ ಬೀಗರು ಒಂದು ದೊಡ್ಡ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳ್ಳಗೆ, ಗಟ್ಟಿಯಾಗಿ, ಮಜ್ಜಿಗೆಯಂಥದ್ದನ್ನು ಗಟಗಟ ಕುಡಿಯುತ್ತಿದ್ದರು. ಇಸ್ತ್ರಿ ಪ್ಯಾಂಟಿನ ಒಬ್ಬ ಯುವಕ ಪಕ್ಕದಲ್ಲಿ ವಿನಯವಾಗಿ ನಿಂತು, "ಪೂರ್ತಿ ಕುಡೀರಿ ಸಾರ್, ಸಂಕೋಚ ಬೇಡ. ಬೇಕಾದ್ರೆ ಇನ್ನೂ ಇದೆ" ಎನ್ನುತ್ತಿದ್ದ.

ಆ ಯುವಕ ಕಾಂಪೌಂಡರ್ ಕೋನಪ್ಪ. ಅದು ನಮಗೆ ಗೊತ್ತು. ಮುನಿವೆಂಕಟಪ್ಪನವರಿಗೆ ಕಂಡದ್ದು ಇನ್ನೊಂದು ಗಂಡು, ಇನ್ನೊಂದು ಗಂಡಿನ ಮನೆ, ಅಲ್ಲಿ ಹೆಣ್ಣಿನ ತಂದೆಯ ಒಪ್ಪಿಗೆ.

"ಹಂಗಾದ್ರೆ ನಂದಿ ಇದೇನಾ" ಎಂದರು ಬಾಗಿಲನ್ನು ಪೂರಾ ತಳ್ಳಿ. "ನಮ್ಮನೆ ನೀರು ಬೇಡ, ಇಲ್ಲಿ ಲೋಟಗಟ್ಟಲೆ ಮಜ್ಜಿಗೆ. ಪ್ಯಾಂಟಿನ ಅಳಿಯ ಬೇಕು ಅಂದಿದ್ರೆ ಬಾಯಲ್ಲಿ ಹೇಳ್ಬೋದಿತ್ತಲ್ಲ ಗಂಗುಲಪ್ಪನೋರೇ. ನಮ್ಮಮ್ಮನ ಮುಂದೆ ಮೂಗು ಮುಚ್ಕೊಂಡು ಕೂರಬೇಕಿತ್ತಾ?"

ಗಂಗುಲಪ್ಪನವರ ಬಾಯ ತುಂಬ ಬೇರಿಯಂ ಇತ್ತು. ಉಗುಳುವಂತಿಲ್ಲ, ಮಾತಾಡುವಂತಿಲ್ಲ. ತನಗೆ ಮದುವೆ ಗೊತ್ತಾಗಿದೆಯೆಂದು ಆಗಲೇ ತಿಳಿದ ಕೋನಪ್ಪ ಕ್ರಾಪು ಸರಿಮಾಡಿಕೊಂಡು, "ಹುಡುಗಿ ಎಲ್ಲಿವರೆಗೆ ಓದಿದಾಳೆ ಸಾರ್?" ಎಂದು ಕೇಳಿದ.

ಅಷ್ಟರಲ್ಲಿ ಒಳಕೋಣೆಯಿಂದ ಕೆಂಪು ಕನ್ನಡಕ ಹಾಕಿಕೊಂಡ ಡಾಕ್ಟರು ಹೊರಬಂದರು. ಕತ್ತಲಲ್ಲಿ ಪರದೆ ನೋಡಲು ಕಣ್ಣು ಪಳಗಬೇಕೆಂದು ಹಾಕಿಕೊಳ್ಳುವ ಕನ್ನಡಕವದು. ಅವರಿಗೆ ಯಾರ ಜಗಳವೂ ಬೇಕಿರಲಿಲ್ಲ. "ಕುಡಿದಿದ್ದು ಕೆಳಗೆ ಇಳಿದೋಗುತ್ತೆ, ಬನ್ನಿ ಬನ್ನಿ" ಎಂದು ಎಲ್ಲರನ್ನೂ ಒಳಗೆ ತಳ್ಳಿ ಬಾಗಿಲು ಹಾಕಿದರು. ಹೀಗೆ ಕ್ಯಾರಿಯರು ಸಮೇತ ಮುನಿವೆಂಕಟಪ್ಪನವರೂ, ಆಗತಾನೆ ಹಿಂದೆ ಬಂದಿದ್ದ ಎರ್ರಪ್ಪ ಕಡಲೆಕಾಯಿ ಸಮೇತವೂ ಕತ್ತಲಕೋಣೆಗೆ ಬಂದರು.

ಕತ್ತಲಲ್ಲಿ ಮಿಷನ್ನು ಗೊರಗುಟ್ಟಿತು. ಹಸಿರು ಮಿಂಚಿನ ಪರದೆಯೊಂದು ಹೊತ್ತಿಕೊಂಡಿತು. ಅದರಲ್ಲಿ ಪಕ್ಕೆಲುಬುಗಳು, ಕೆಳಗೊಂದು ಚೀಲ, ಚೀಲದೊಳಗೆ ಕರ್ರಗೆ ಇಳಿಯುತ್ತಿರುವ ಏನೋ ಒಂದು.

"ಯಾರದಿದು?" ಎಂದರು ಮುನಿವೆಂಕಟಪ್ಪ. ಈಗ ಪಿಸುಮಾತು.

"ಇವರದೇ ಹೊಟ್ಟೆ. ಕುಡಿದ ಹಿಟ್ಟು ಬೆಳ್ಳಗಿದ್ರೂ ಇಲ್ಲಿ ಕರೀಗೆ ಕಾಣುತ್ತೆ. ಅದು ಬಿಟ್ರೆ ಒಳಗೆ ಒಂದಗುಳೂ ಇಲ್ಲ. ಇಷ್ಟು ಚೆನ್ನಾಗಿ ಉಪವಾಸ ಮಾಡಿ ಬಂದೋರನ್ನ ನಾನು ಇನ್ನೂ ನೋಡಿಲ್ಲ" ಎಂದರು ಡಾಕ್ಟರು. "ಬೇರೆಯೋರು ಎಷ್ಟು ಹೇಳಿದ್ರೂ ವೀಳ್ಯದೆಲೆ ಜಗಿದೇ ಬರ್ತಾರೆ."

ಕತ್ತಲು ಒಳ್ಳೆಯದು. ಮುಖ ಕಾಣದ್ದರಿಂದ ಗಂಗುಲಪ್ಪನವರಿಗೆ ಧೈರ್ಯ ಬಂತು. ಮಿಷನ್ನಿಗೆ ಎದೆಕೊಟ್ಟು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಹುಣ್ಣಿನ ಭಯ, ಎರ್ರಪ್ಪನ ಬುದ್ಧಿವಾದ, ಹೊಳೆದ ದೇವರು. "ಮುನಿವೆಂಕಟಪ್ಪನೋರೇ, ನಿಮ್ಮನೆ ವಾಸನೆ ನಂಗೆ ಗೊತ್ತೇ ಆಗ್ಲಿಲ್ಲ. ನನ್ನ ಹೊಟ್ಟೆ ವಾಸನೆ ನಿಮಗೆ ಬಡೀಬಾರ್ದು ಅಂತ ಟವಲು ಅಡ್ಡ ಹಿಡಿದೆ. ನನ್ನ ಮಗಳಿಗೆ ನಿಮ್ಮನೆ ಬಿಟ್ಟು ಬೇರೆ ಮನೆ ನಾನು ನೋಡಿಲ್ಲ."

"ಉಸಿರು ಬಿಗಿಹಿಡೀರಿ" ಎಂದರು ಡಾಕ್ಟರು. ಗಂಗುಲಪ್ಪನವರು ಹಿಡಿದರು. ಮುನಿವೆಂಕಟಪ್ಪನವರೂ ಹಿಡಿದರು.

ದೀಪ ಹಾಕಿದ ಮೇಲೆ ಡಾಕ್ಟರು ಹುಣ್ಣು ಗಿಣ್ಣು ಏನೂ ಇಲ್ಲ, ಹುಳಿ ಜಾಸ್ತಿಯಾಗಿದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕರಿದದ್ದು ಬಿಡಬೇಕು ಎಂದರು. "ಸಾಯಂಕಾಲ ಇನ್ನೊಂದು ಫಿಲ್ಮು. ಹಿಟ್ಟು ಹೊಟ್ಟೆಯಿಂದ ಸರಿಯಾಗಿ ಮುಂದಕ್ಕೆ ಹೋಗಿದೆಯಾ ಅಂತ ನೋಡ್ಬೇಕು. ಅಲ್ಲೀವರೆಗೂ ಏನೂ ತಿನ್ನೋ ಹಂಗಿಲ್ಲ. ತಿಂದ್ರೆ ಇದುವರೆಗೂ ತೆಗೆದದ್ದೂ ಸೇರಿ ಎಲ್ಲ ಹೋಯ್ತು."

ಎಲ್ಲರೂ ವರಾಂಡಕ್ಕೆ ಬಂದರು. ಮುನಿವೆಂಕಟಪ್ಪನವರು ಕ್ಯಾರಿಯರನ್ನು ನಡುವೆ ಇಟ್ಟು ಕೂತರು. ಮುಖ ಇನ್ನೂ ಗಂಟಾಗಿಯೇ ಇತ್ತು. "ಡಾಕ್ಟ್ರು ಹೇಳಿದ್ದು ನಂಬ್ತೀನಿ. ಆದ್ರೆ ನಮ್ಮಮ್ಮ ಮಿಷನ್ನು ನೋಡಿಲ್ಲ. ಬೀದಿ ಜನ ಕಿಟಕೀಲಿ ನೋಡಿದ್ದು ಚೊಂಬು ವಾಪಸ್ ತಳ್ಳಿದ್ದು. ಈ ಕ್ಯಾರಿಯರು ತುಂಬಿದ್ದು ತುಂಬಿದಂಗೇ ವಾಪಸ್ ಹೋದ್ರೆ ಮುಗೀತು. ನಾನೂ ಏನೂ ಮಾಡಕ್ಕಾಗಲ್ಲ. ನನ್ನ ಕೊನೇ ಬಸ್ಸು ಬೇರೆ ಸಾಯಂಕಾಲಾನೇ."

ಗಂಗುಲಪ್ಪನವರು ಆ ಕ್ಯಾರಿಯರನ್ನು ನೋಡಿದರು. ಅವರ ಕಣ್ಣ ಮುಂದೆ ಕಚೇರಿಯ ಕಿಟಕಿ ಬಂತು, ಆಮೇಲೆ ಮಗಳು ಬಂದಳು. ಮನುಷ್ಯ ಗಲಿಬಿಲಿಯವನು, ಕಲ್ಲಿನವನಲ್ಲ. "ಫಿಲ್ಮು ಹಾಳಾಗಿ ಹೋಗ್ಲಿ" ಎಂದು ಪಂಚೆ ಮಡಿಚಿ ಕೂತು ಕ್ಯಾರಿಯರಿನ ಚಿಲಕಕ್ಕೆ ಕೈಹಾಕಿದರು.

ಮುನಿವೆಂಕಟಪ್ಪನವರು ಮುಚ್ಚಳದ ಮೇಲೆ ಅಂಗೈ ಒತ್ತಿದರು.

"ತಡೀರಿ. ಅಷ್ಟು ಕಷ್ಟಪಟ್ಟು ಹೊಟ್ಟೆ ಖಾಲಿ ಇಟ್ಕೊಂಡಿದ್ದೀರಿ. ಪೂರ್ತಿ ಮಾಡಿ. ಬಸ್ಸು ಹೋದ್ರೆ ಹೋಗ್ಲಿ, ಲಾರಿ ಸಿಗುತ್ತೆ. ನೀವು ಉಣ್ಣೋವರ್ಗೂ ನಾನೂ ಉಣ್ಣಲ್ಲ."

ಮಾತು ಆಡಿದ್ದು ಸುಲಭವಾಗಿ. ಆದರೆ ಮುನಿವೆಂಕಟಪ್ಪನವರು ಹುಟ್ಟಿದಾಗಿನಿಂದ ಮಧ್ಯಾಹ್ನದ ಮುದ್ದೆ ತಪ್ಪಿಸಿದವರಲ್ಲ. ಮೊದಲು ಆಕಳಿಸಿದರು. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಹೊಟ್ಟೆ ಬಿಗಿದುಕೊಂಡರು. ಬಿಸಿಲು ಮುಂದಕ್ಕೆ ಸರಿದಂತೆಲ್ಲ ಅವರೂ ಕ್ಯಾರಿಯರನ್ನು ನೆರಳಿಗೆ ಸರಿಸುತ್ತ, ಸರಿಸುವಾಗೆಲ್ಲ ಅದರ ವಾಸನೆ ಕುಡಿಯುತ್ತ ಕೂತರು. ದಾರಿಹೋಕರು ಯಾವ ಕೇಸೆಂದು ಕೇಳಿದರೆ, "ಬೀಗ್ರು ಹೊಟ್ಟೆ ಪರೀಕ್ಷೆ. ನಾನು ಜೊತೆಗೆ ಬಂದಿದ್ದೀನಿ" ಎಂದು ಗತ್ತಿನಿಂದಲೇ ಹೇಳಿದರು. "ನಂಗೆ ಯಾವ ಪರೀಕ್ಷೇನೂ ಇಲ್ವಲ್ಲ" ಎಂದು ಎರ್ರಪ್ಪ ಕ್ಯಾರಿಯರಿನ ಕಡೆ ಕೈ ಚಾಚಿದಾಗ ಇಬ್ಬರೂ ಒಟ್ಟಿಗೆ ಗದರಿಸಿದರು. ಗಂಗುಲಪ್ಪನವರಿಗೆ ಬೀಗರೆಂದರೆ ಏನೆಂದು ಆಗ ಗೊತ್ತಾಯಿತು. ಮಗಳು ಒಳ್ಳೆಯ ಮನೆ ಸೇರುತ್ತಾಳೆಂದು ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಹಸಿವನ್ನೇ ಮರೆತರು. ಮುನಿವೆಂಕಟಪ್ಪನವರಿಗೆ ಮರೆಯಲಾಗಲಿಲ್ಲ.

ಬಿಸಿಲು ಇಳಿದ ಮೇಲೆ ಕೋನಪ್ಪ ಬಂದು ಕರೆದ. ಕೊನೆಯ ಫಿಲ್ಮು ತೆಗೆದು, ಎಲ್ಲ ಸರಿಯಾಗಿದೆ, ಇನ್ನು ಉಣ್ಣಬಹುದು ಎಂದರು ಡಾಕ್ಟರು. ಇನ್ನೂ ಏನೋ ಎಚ್ಚರಿಕೆ ಹೇಳುತ್ತಿದ್ದರು. ಅಷ್ಟರಲ್ಲಿ ಹೊರಗೆ ಕ್ಯಾರಿಯರಿನ ಚಿಲಕ ತೆಗೆದ ಸದ್ದು ಕೇಳಿತು.

ಮುದ್ದೆ ಆರಿ ಗಟ್ಟಿಯಾಗಿತ್ತು, ಸಾರು ಹೆಪ್ಪುಗಟ್ಟಿತ್ತು. ಮುನಿವೆಂಕಟಪ್ಪನವರ ಕಣ್ಣು ಮುದ್ದೆಯ ಮೇಲೆಯೇ ಇತ್ತು. ಆದರೂ ಮೊದಲು ಬಡಿಸಿದ್ದು ಬೀಗರಿಗೇ. ಗಂಗುಲಪ್ಪನವರು ಮುರಿದು, ಸಾರಿಗೆ ಅದ್ದಿ, ನುಂಗಿದರು. ಅದು ಇಳಿದುಹೋಗುವುದನ್ನು ಮುನಿವೆಂಕಟಪ್ಪನವರು ಗಂಟಲಿನಿಂದ ಹೊಟ್ಟೆಯವರೆಗೂ ಕಣ್ಣಲ್ಲೇ ಹಿಂಬಾಲಿಸಿ, ಆಮೇಲೆ ತಮ್ಮ ಕೈ ತಟ್ಟೆಗೆ ಹಾಕಿದರು.

"ಶ್ರಾವಣದಲ್ಲೇ ಇಟ್ಕೊಳ್ಳಣ" ಎಂದರು ಕಡೆಗೆ ಮುನಿವೆಂಕಟಪ್ಪ, ಬೆರಳು ನೆಕ್ಕುತ್ತ. "ಒಂದ್ ಮಾತು ಈಗ್ಲೇ ಹೇಳಿರ್ತೀನಿ ಬೀಗ್ರೇ. ಧಾರೆ ಎರೆಯೋವರ್ಗೂ ಹೆಣ್ಣಿನ ಅಪ್ಪ ಉಪವಾಸ ಇರ್ಬೇಕು. ಅವತ್ತು ನೀವೊಬ್ರೇ ಇರಿ. ನಾನು ಬೆಳಿಗ್ಗೇನೇ ಉಂಡು ಬರ್ತೀನಿ."